ತೊಟ್ಟಿಯ ಕೆಸರಿನಲ್ಲಿ ವಾಪಟೊ: ನಾಲ್ಕನೆಯ ವರ್ಷಕ್ಕೆ ಕೈಹಿಡಿದ ಬೆಳೆ

ವಾಪಟೊ ಎಂಬ ಬಾಣದೆಲೆಯ ನೀರುಗಿಡ ಕೊಳದ ಅಂದಕ್ಕಷ್ಟೇ ಸರಿ, ಅದರಿಂದ ಊಟಕ್ಕಾಗುವಷ್ಟು ಗೆಡ್ಡೆ ಬರುವುದಿಲ್ಲ ಎಂದು ಅಮೆರಿಕದ ಪೋರ್ಟ್‌ಲ್ಯಾಂಡಿನ ನರ್ಸರಿಯವರೂ ಹೇಳಿದ್ದರು, ಇಲ್ಲಿನ ಕನ್ನಡದ ಗೆಳೆಯರೂ ಹೇಳಿದ್ದರು. ಕಳೆದ ನವೆಂಬರಿನಲ್ಲಿ ಹಿತ್ತಲಿನ ಆರು ತೊಟ್ಟಿಗಳಿಂದ ಹೆಚ್ಚುಕಡಿಮೆ 18 ಕಿಲೋ ಗೆಡ್ಡೆ ತೆಗೆದೆ. ಅವುಗಳಲ್ಲಿ ಮೂರನೆಯ ಒಂದು ಪಾಲು ನಿಂಬೆಹಣ್ಣಿನ ಗಾತ್ರದವು.

ಮೊದಲ ವರ್ಷ ಮೂರಡಿ ಆಳದ ಕೊಳ ತೋಡಿಸಿ, ನೀರು ಇಂಗದಂತೆ ಹಾಳೆ ಹಾಸಿ, 40 ಗೆಡ್ಡೆ ನೆಟ್ಟೆ. ಖರ್ಚು 1,100 ಡಾಲರಿನ ಆಸುಪಾಸು. ಜುಲೈನಲ್ಲಿ ಬಿಳಿಯ ಹೂ ನೋಡಲು ಜನ ಬಂದರು, ಆದರೆ ನವೆಂಬರಿನಲ್ಲಿ ಕೈಗೆ ಸಿಕ್ಕಿದ್ದು ಗೋಲಿಯಷ್ಟರ ಗೆಡ್ಡೆಗಳು. ಉಳಿದವು ಆಳದಲ್ಲೇ ಉಳಿದವು. ಎರಡನೆಯ ವರ್ಷ ಚೀಲದಲ್ಲಿ ಮಾರುವ ಕುಂಡದ ಮಣ್ಣು ತುಂಬಿದೆ, ನೀರು ಬಿಟ್ಟ ಮರುದಿನವೇ ಅದು ಗೆಡ್ಡೆಗಳ ಸಮೇತ ತೇಲಿತು. ಮೂರನೆಯ ವರ್ಷ ಸಗಣಿ ಗೊಬ್ಬರ ಹೆಚ್ಚು ಹಾಕಿದ್ದರಿಂದ ಎಲೆ ಎದೆಯೆತ್ತರ ಬೆಳೆದು ಹೇನು ಮುತ್ತಿಕೊಂಡವು, ಬುಡದಲ್ಲಿ ಮಾತ್ರ ಏನೂ ಇರಲಿಲ್ಲ.

ನಮ್ಮ ಮನೆಗೆ ಹತ್ತಿರದ ಸೋವಿ ದ್ವೀಪವನ್ನು, ಅಮೆರಿಕದ ಪಶ್ಚಿಮವನ್ನು ಶೋಧಿಸುತ್ತಾ ಬಂದ ಲೂಯಿಸ್ ಮತ್ತು ಕ್ಲಾರ್ಕ್ ವಾಪಟೊ ದ್ವೀಪವೆಂದೇ ಕರೆದಿದ್ದರು. ಇಲ್ಲಿನ ಮೂಲನಿವಾಸಿಗಳಾದ ಚಿನೂಕ್ ಹೆಂಗಸರು ನೀರಿಗಿಳಿದು ಕಾಲ್ಬೆರಳುಗಳಿಂದ ಕೆಸರು ಸಡಿಲಿಸಿ, ತೇಲಿ ಬಂದ ಗೆಡ್ಡೆಗಳನ್ನು ದೋಣಿಗೆ ಹಾಕುತ್ತಿದ್ದುದನ್ನು ಅವರ 1806ರ ಬರಹದಲ್ಲಿ ಓದಿದಾಗ, ಕಾಲಿಗೆ ಸಡಿಲವಾಗುವ ಕೆಸರಿನಲ್ಲಿ ಮಾತ್ರ ಗೆಡ್ಡೆ ದಪ್ಪವಾಗುತ್ತದೆಂಬುದು ನನಗೆ ಹೊಳೆಯಿತು. ತೀರ್ಥಹಳ್ಳಿಯ ಗದ್ದೆಯಲ್ಲಿ ಅಪ್ಪಯ್ಯ ಸಸಿಮಡಿಗೆ ಮಾಡುತ್ತಿದ್ದ ಹದವೂ ಅದೇ.

ಹಾಗಾಗಿ ದನಗಳಿಗೆ ನೀರಿಡುವ ಹಳೆಯ ತಗಡಿನ ತೊಟ್ಟಿಗಳನ್ನು ಒಂದಕ್ಕೆ 60 ಡಾಲರಿನಂತೆ ಕೊಂಡು, ಎಂಟು ಇಂಚು ಜೇಡಿಮಣ್ಣು ತುಂಬಿ, ಬರಿಗಾಲಿನಲ್ಲಿ ತುಳಿದು ಬೆಣ್ಣೆಯಂತೆ ಮಾಡಿದೆ. ಏಪ್ರಿಲಿನಲ್ಲಿ ಒಂದೂವರೆ ಅಡಿಗೊಂದರಂತೆ ನೆಟ್ಟು, ನೀರನ್ನು ಮೊದಲು ಎರಡು ಇಂಚು, ಆಮೇಲೆ ಐದು ಇಂಚು ನಿಲ್ಲಿಸಿದೆ. ಗೊಬ್ಬರ ಕೊಟ್ಟಿದ್ದು ಜೂನ್ ಕೊನೆಯವರೆಗೆ ಮಾತ್ರ. ಹಗಲು ಗಿಡ್ಡವಾಗುತ್ತಾ ಬಂದಾಗ ಗೆಡ್ಡೆ ಕಟ್ಟುವ ಗಿಡವಾದ್ದರಿಂದ, ಅದಕ್ಕೆ ಮೊದಲು ಹೊರಟ ಬಳ್ಳಿಬೇರುಗಳನ್ನು ಕತ್ತಿಯಿಂದ ಬುಡದ ಸುತ್ತ ಕತ್ತರಿಸಿದರೆ ಮುಂದಿನವು ಒಂದೇ ಗಾತ್ರದಲ್ಲಿ ದಪ್ಪವಾಗುತ್ತವೆ. ಯಾವ ವಾರ, ಬುಡದಿಂದ ಎಷ್ಟು ದೂರ ಎಂಬುದನ್ನು ಮೂರು ವರ್ಷದ ನಷ್ಟ ಕೊಟ್ಟು ಕಲಿತಿದ್ದೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ಗೆಡ್ಡೆ ಬಿಡುವ ಏಷ್ಯಾದ ಬಗೆಯನ್ನೇಕೆ ಹಾಕಲಿಲ್ಲವೆಂದು ಕೆಲವರು ಕೇಳುತ್ತಾರೆ. ಆ ಬಗೆ, ಅಂದರೆ ಸಜಿಟೇರಿಯಾ ಸಜಿಟಿಫೋಲಿಯಾ, ಅಮೆರಿಕದ ಕೇಂದ್ರ ಸರ್ಕಾರದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ. ಇಲ್ಲಿಯದೇ ಆದ ವಾಪಟೊ, ಅಂದರೆ ಸಜಿಟೇರಿಯಾ ಲ್ಯಾಟಿಫೋಲಿಯಾ, ಇರುವಾಗ ಆ ಗೊಡವೆ ಬೇಡ.

ಒಂದು ತೊಟ್ಟಿಯಲ್ಲಿ ಅಕ್ಟೋಬರಿನಲ್ಲೇ ನೀರು ಬಸಿದು ನೋಡಿದೆ. ಕೀಳುವುದು ಸುಲಭವಾಯಿತು, ಆದರೆ ರಕೂನ್‌ಗಳು ಒಂದೇ ರಾತ್ರಿಯಲ್ಲಿ ಕಾಲುಭಾಗ ತಿಂದವು. ಬಿಲ್ಲೆ ಮಾಡಿ ಬಿಸಿಲಿಗೆ ಒಣಗಿಸಿದ ಸಂಡಿಗೆ ಕಹಿಯಾಯಿತು. ಮೊದಲು ಬೇಯಿಸಿ, ಆ ನೀರು ಚೆಲ್ಲಿ, ಸಿಪ್ಪೆ ಸುಲಿದು ಒಣಗಿಸಿದ್ದು ಸೊಗಸಾಗಿತ್ತು. ಹುಳಿಗೆ ಹಾಕಿದರೆ ಕೆಸುವಿನ ಗೆಡ್ಡೆಯಂತೆ ಲೋಳೆಯಾಗುವುದಿಲ್ಲ.

ಪೌಂಡಿಗೆ 10 ಡಾಲರಿನಂತೆ 25 ಪೌಂಡ್ ಮಾರಿದೆ, ಕೊಳದ ದುಡ್ಡು ಇನ್ನೂ ಹುಟ್ಟಿಲ್ಲ. ಮಾರಾಟಕ್ಕೆ ಮೊದಲೇ ತೆಗೆದಿಟ್ಟ 60 ದಪ್ಪ ಗೆಡ್ಡೆಗಳು ಒದ್ದೆ ಮರಳಿನ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿವೆ. ನಿನ್ನೆ ಮುಚ್ಚಳ ತೆಗೆದಾಗ ಎರಡರ ಮೊಳಕೆ ಬಾಗಿ ಮೇಲೆದ್ದಿತ್ತು.