ಶಿಕಾಗೋಗೆ ಹೊಸಬರೇ? ದಿನಾ ಓಡಾಡುವ ರಸ್ತೆಯ ಹೆಸರಿನವರನ್ನು ಒಮ್ಮೆ ವಿಚಾರಿಸಿ

ಶಾಂಬರ್ಗ್, ಹಾಫ್‌ಮನ್ ಎಸ್ಟೇಟ್ಸ್ ಕಡೆ ಮನೆ ಮಾಡಿದವರು ಕಾರಲ್ಲಿ ಡೌನ್‌ಟೌನಿಗೆ ಹೊರಟರೆ ಮೊದಲು ಹತ್ತುವುದು ಜೇನ್ ಆಡಮ್ಸ್ ಟೋಲ್‌ವೇ. ಆಮೇಲೆ ಕೆನಡಿ ಎಕ್ಸ್‌ಪ್ರೆಸ್‌ವೇ. ಅದರ ತುದಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಜಾಗ ಜೇನ್ ಬರ್ನ್ ಇಂಟರ್‌ಚೇಂಜ್. ಅಲ್ಲಿಂದ ಮಿಶಿಗನ್ ಕೆರೆಯ ಕಡೆ ತಿರುಗಿದರೆ ಐಡಾ ಬಿ. ವೆಲ್ಸ್ ಡ್ರೈವ್. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್ ಅಂದರೆ ಬಸ್ಸಿಳಿಯುವ ಜಾಗವಷ್ಟೇ ಆಗಿಬಿಡುತ್ತದಲ್ಲ, ಇಲ್ಲೂ ಹಾಗೇ. ಟೋಲ್ ಕಟ್ಟುವ ಐ-ಪಾಸ್ ಈ ತಿಂಗಳು ಎಷ್ಟು ನುಂಗಿತು ಅನ್ನುವುದು ನಮಗೆಲ್ಲ ಬಾಯಿಪಾಠ. ಆಡಮ್ಸ್ ಯಾರು ಅಂದರೆ ಮುಖ ಮುಖ ನೋಡುತ್ತೇವೆ.

ಬರ್ನ್ ವಿಷಯ ಬೇಗ ಮುಗಿಸೋಣ. 1979ರ ಜನವರಿಯಲ್ಲಿ ಬಿದ್ದ ಹಿಮವನ್ನು ಆಗಿನ ಮೇಯರ್ ಸರಿಯಾಗಿ ತೆಗೆಸಲಿಲ್ಲ. ಸಿಟ್ಟಾದ ಜನ ಮರುತಿಂಗಳ ಪ್ರೈಮರಿಯಲ್ಲೇ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಆತನನ್ನು ಸೋಲಿಸಿ, ಈಕೆಯನ್ನು ಊರಿನ ಮೊದಲ ಮಹಿಳಾ ಮೇಯರ್ ಮಾಡಿದರು.

ಊರಿಂದ ಅಪ್ಪ ಅಮ್ಮ ಬಂದರೆ ನಮ್ಮವರ ಸವಾರಿ ಒಂದೇ ದಾರಿಯಲ್ಲಿ: ಬೀನ್ ಎಂಬ ಹೊಳೆಯುವ ಶಿಲ್ಪ, ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್, ಲೆಮಾಂಟ್ ದೇವಸ್ಥಾನ. ಆರ್ಟ್ ಇನ್‌ಸ್ಟಿಟ್ಯೂಟಿನಿಂದ ಎರಡು ಮೈಲಿಯೊಳಗೇ ಇರುವ, ಜೇನ್ ಆಡಮ್ಸ್ ಶುರುಮಾಡಿದ ಹಲ್ ಹೌಸ್ ಯಾರ ಪಟ್ಟಿಯಲ್ಲೂ ಇಲ್ಲ. ಹೊಸದಾಗಿ ವಲಸೆ ಬಂದವರಿಗೆಂದೇ ನಡೆದ ಮನೆಯನ್ನು ಬಿಟ್ಟು ಬೇರೆಲ್ಲ ನೋಡುತ್ತೇವಲ್ಲ ಅಂತ ಹೊಟ್ಟೆ ಉರಿಯುತ್ತದೆ. ರೋಸ್‌ಮಾಂಟ್ ಅಥವಾ ಕಂಬರ್‌ಲ್ಯಾಂಡಿನಲ್ಲಿ ಕಾರು ನಿಲ್ಲಿಸಿ, ಬ್ಲೂ ಲೈನ್ ಹಿಡಿದು ಯುಐಸಿ-ಹಾಲ್‌ಸ್ಟೆಡ್‌ನಲ್ಲಿ ಇಳಿಯಿರಿ. ಹಾಲ್‌ಸ್ಟೆಡ್ ಬೀದಿಯಲ್ಲೇ ದಕ್ಷಿಣಕ್ಕೆ ನಡೆದರೆ 800ನೇ ನಂಬರು. ಈ ಊರಿನಲ್ಲಿ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವಲ್ಲಿ ಸೊನ್ನೆ. ದಕ್ಷಿಣಕ್ಕೆ ಹೋದಷ್ಟೂ ನಂಬರು ಏರುತ್ತದೆ. ತೆರೆದಿರುವ ದಿನ, ಸಮಯ ಮೊದಲೇ ನೋಡಿಕೊಳ್ಳಿ.

ಆಡಮ್ಸ್ ಮತ್ತು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಇಲ್ಲಿಗೆ ಬಂದಾಗ ಸುತ್ತ ಇಟಲಿ, ಗ್ರೀಸ್, ರಷ್ಯಾದಿಂದ ಬಂದ ಬಡವರು. ಇಂಗ್ಲಿಷ್ ಪಾಠ, ಶಿಶುವಿಹಾರ ಇವೆಲ್ಲ ನಡೆದವು. ಬೀದಿ ಕಸ ಎತ್ತದ ಗುತ್ತಿಗೆದಾರರ ಮೇಲೆ ಕಣ್ಣಿಡಲು 1895ರಲ್ಲಿ ಆಡಮ್ಸ್ ತಾವೇ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದರು. ಅವರಿಗೆ ಬಂದ 1931ರ ನೊಬೆಲ್ ಶಾಂತಿ ಪ್ರಶಸ್ತಿಯ ವಿಷಯ ಬೋರ್ಡಿನ ಮೇಲೆ ಸಿಗುತ್ತದೆ, ಮಕ್ಕಳಿಗೆ ಕಸದ ಕತೆ ಹೇಳಿ.

ನಮಗೆ ನಾಟಬೇಕಾದದ್ದು 1900ರಲ್ಲಿ ಅಲ್ಲಿ ಶುರುವಾದ, ವಲಸೆ ಬಂದವರ ಕೈಕಸುಬು ತೋರಿಸುವ ಲೇಬರ್ ಮ್ಯೂಸಿಯಂ. ಅಮೆರಿಕದ ಶಾಲೆಗೆ ಹೋಗುವ ಮಕ್ಕಳು ಹೆತ್ತವರ ಬಗ್ಗೆ ನಾಚುತ್ತಿದ್ದರು. ಏಂಜೆಲಿನಾ ಎಂಬ ಇಟಾಲಿಯನ್ ಹುಡುಗಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬರುವ ತಾಯಿಯ ಜೊತೆ ಕಾಣಿಸಿಕೊಳ್ಳಲಾರದೆ ಬೇರೆ ಬಾಗಿಲಿಂದ ಒಳಗೆ ಬರುತ್ತಿದ್ದಳು. ತಾಯಿ ತಕಲಿಯಲ್ಲಿ ನೂಲುವುದನ್ನು ದೊಡ್ಡವರೆಲ್ಲ ಸುತ್ತ ನಿಂತು ಮೆಚ್ಚುವುದನ್ನು ಕಂಡ ಮೇಲೆ ತಾಯಿಯ ಬಾಗಿಲಿಗೇ ಬಂದಳಂತೆ. ಟಿಫಿನ್ ಡಬ್ಬಿಗೆ ಚಿತ್ರಾನ್ನ ಹಾಕಬೇಡ ಅನ್ನುವ ಮಕ್ಕಳಿದ್ದರೆ, ಬರೀ ಬೈಯುವ ಬದಲು ಅವರ ಸ್ನೇಹಿತರ ಎದುರು ಅಜ್ಜಿಯ ಕೈಲಿ ಹೂ ಕಟ್ಟಿಸಿ ನೋಡಿ. ಹಲ್ ಹೌಸಿನ ಹದಿಮೂರು ಕಟ್ಟಡಗಳಲ್ಲಿ ಈಗ ಉಳಿದಿರುವುದು ಎರಡೇ. 1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೆಂದು ಕೇರಿಯನ್ನೇ ಕೆಡವಿದರು. ತಡೆಯಲು ನಿಂತ ಅದೇ ಕೇರಿಯ ಫ್ಲಾರೆನ್ಸ್ ಸ್ಕಾಲಾ ಸೋತರು.

ಐಡಾ ವೆಲ್ಸ್ ಇದ್ದದ್ದು ಬ್ರಾನ್ಜ್‌ವಿಲ್‌ನಲ್ಲಿ, 3624 ಸೌತ್ ಕಿಂಗ್ ಡ್ರೈವ್. ಖಾಸಗಿ ಮನೆ, ಪಾದಚಾರಿ ದಾರಿಯಲ್ಲೇ ನಿಂತು ನೋಡಿ, ಬೆಲ್ ಒತ್ತಬೇಡಿ. ಹತ್ತಿರದ ಲ್ಯಾಂಗ್ಲಿ ಅವೆನ್ಯೂನಲ್ಲಿ 2021ರ ಸ್ಮಾರಕವಿದೆ. ಪ್ರತಿಮೆ ಹುಡುಕಿದರೆ ಸಿಗುವುದಿಲ್ಲ, ರಿಚರ್ಡ್ ಹಂಟ್ ಮಾಡಿದ್ದು ತಿರುಚಿದ ಕಂಚಿನ ಎತ್ತರದ ಆಕೃತಿ. ವೆಲ್ಸ್, ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುವುದನ್ನು ದಾಖಲೆ ಸಮೇತ ಬರೆದ ಪತ್ರಕರ್ತೆ. ಮಹಿಳೆಯರ ಮತದ ಹಕ್ಕಿಗಾಗಿ ನಡೆದ 1913ರ ವಾಷಿಂಗ್ಟನ್ ಮೆರವಣಿಗೆಯಲ್ಲಿ, ಕಪ್ಪು ಮಹಿಳೆಯರು ಹಿಂದೆ ನಡೆಯಿರಿ ಅಂದಾಗ ಒಪ್ಪದೆ ಇಲಿನಾಯ್ ತಂಡದ ನಡುವೆ ಸೇರಿಕೊಂಡವರು.

ಕಪ್ಪು ಜನರ ಇತಿಹಾಸದ ತಿಂಗಳಾದ ಫೆಬ್ರವರಿ, ಮಹಿಳೆಯರ ಇತಿಹಾಸದ ತಿಂಗಳಾದ ಮಾರ್ಚ್ ಬಂದರೆ ಶಾಲೆಯಲ್ಲಿ ಇಂಥವರ ಬಗ್ಗೆ ಪ್ರಾಜೆಕ್ಟ್. ಹಿಂದಿನ ರಾತ್ರಿ ಪ್ರಿಂಟ್ ತೆಗೆದು ಅಂಟಿಸಿದರೆ ತಪ್ಪು ನುಸುಳುತ್ತದೆ. ಬೆಸ್ಸಿ ಕೋಲ್ಮನ್ ‘ಮೊದಲ ಮಹಿಳಾ ಪೈಲಟ್’ ಅಲ್ಲ. ಪೈಲಟ್ ಲೈಸೆನ್ಸ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಇಲ್ಲಿಯ ವಿಮಾನ ಶಾಲೆಗಳು ಸೇರಿಸಿಕೊಳ್ಳದ ಕಾರಣ, ಶಿಕಾಗೋದಲ್ಲಿ ಉಗುರು ತಿದ್ದುವ ಕೆಲಸ ಮಾಡುತ್ತಲೇ ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ 1921ರಲ್ಲಿ ಪಡೆದರು. ಚಾರ್ಟಿಗೆ ಚಿತ್ರಕ್ಕಿಂತ ನಾಣ್ಯ ಚೆನ್ನ: 2023ರ ಕ್ವಾರ್ಟರಿನಲ್ಲಿ (25 ಸೆಂಟಿನ ನಾಣ್ಯ) ಕೋಲ್ಮನ್, 2025ರದರಲ್ಲಿ ವೆಲ್ಸ್ ಇದ್ದಾರೆ. ಒಂದು ಬದಿ ಎಲ್ಲದರಲ್ಲೂ ವಾಷಿಂಗ್ಟನ್ನೇ, ಹಾಗಾಗಿ ಚಿಲ್ಲರೆಯನ್ನು ತಿರುಗಿಸಿ ಹುಡುಕಿ. ಸಿಕ್ಕಿದ ಮೇಲೆ ಗೋಂದು ಹಚ್ಚಬೇಡಿ, ಪಾರದರ್ಶಕ ಟೇಪು ಸಾಕು.