ಗಾರ್ಡ್ ‘ನಿಲ್ಲಿ’ ಅಂದರೆ ಏಕೆ ನಿಲ್ಲಬೇಕು? ಮಲೆನಾಡಿನ ಬೆಟ್ಟಗಳಲ್ಲಿ ದಾರಿ ಬಿಡದೆ ನಡೆಯುವ ಬಗೆ

ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳದ ಕಡೆ ಹೋಗುವ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೇ ಸಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಕಡೆ ಹಸಿರು ಹುಲ್ಲಿನ ಗುಡ್ಡ. ಕಾರು ನಿಲ್ಲಿಸಿ ಹತ್ತಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಹತ್ತಿದವರನ್ನು ಗಾರ್ಡ್ ಬಂದು ಇಳಿಸುತ್ತಾರೆ. ಆಗ ಬರುವ ಮಾತು ಹೆಚ್ಚು ಕಡಿಮೆ ಒಂದೇ: ‘ಇದು ಸರ್ಕಾರದ ಜಾಗ ಅಲ್ವಾ ಸಾರ್? ನಾವೇನು ಮರ ಕಡೀತಾ ಇದೀವಾ?’

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿದೆ. ಅಭಯಾರಣ್ಯದೊಳಗೆ ಯಾರು ಕಾಲಿಡಬಹುದು ಎಂದು ಅದು ಎಣಿಸಿ ಹೇಳುತ್ತದೆ. ಕೆಲಸದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಜಮೀನಿನ ಹಕ್ಕು ಇರುವವರು, ಪರವಾನಗಿ ಪಡೆದವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಜೊತೆಗೆ ಆ ನೌಕರರ ಮತ್ತು ಹಕ್ಕು ಇರುವವರ ಮನೆಮಂದಿ. ಇದೇ ನಿಯಮ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ ಎಂದು 35ನೇ ಸೆಕ್ಷನ್ ಹೇಳುತ್ತದೆ. ಅಂದರೆ ಡಾಂಬರಿನ ಮೇಲೆ ಇರುವಷ್ಟು ಹೊತ್ತು ನೀವು ಹಾದುಹೋಗುವವರು. ಹುಲ್ಲಿನ ಮೇಲೆ ಕಾಲಿಟ್ಟರೆ ಪರವಾನಗಿ ಇಲ್ಲದೆ ಒಳಗೆ ಬಂದವರು. ಮರ ಕಡಿದರೂ ಕಡಿಯದಿದ್ದರೂ ಅಷ್ಟೇ.

‘ಊರಿನವರು ಓಡಾಡ್ತಾರಲ್ಲ, ನಮಗೆ ಮಾತ್ರ ಯಾಕೆ?’ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಅವರ ಗದ್ದೆ, ಮನೆ ಒಳಗಿವೆ. ಆ ಹಕ್ಕಿನ ಜೊತೆ ಅವರಿಗೆ ಹೊಣೆಯೂ ಇದೆ. ಒಳಗೆ ಬೆಂಕಿ ಬಿದ್ದರೆ ಆರಿಸಲು ನೆರವಾಗಬೇಕು, ಅಪರಾಧ ನಡೆದರೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ.

ಈ ವಾರಾಂತ್ಯ ಬ್ಯಾಗು ಕಟ್ಟುವ ಯೋಚನೆ ಇದ್ದರೆ ಮನೆಯಲ್ಲೇ ಶುರು ಮಾಡಬೇಕಾದ ಕೆಲಸಗಳಿಂದ ಹಿಡಿದು ಹೇಳುತ್ತೇನೆ.

ಮೊದಲು: ಜಾಗ ಯಾರದ್ದು ಎಂದು ತಿಳಿದುಕೊಳ್ಳಿ

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಒಂದೇ ಬೆಟ್ಟದ ಸಾಲಿನಲ್ಲಿ ಮೀಸಲು ಅರಣ್ಯ, ಕಂದಾಯ ಭೂಮಿ, ಕಾಫಿ ತೋಟ ಪಕ್ಕಪಕ್ಕ ಇರುತ್ತವೆ. ಗುಡ್ಡ ನೋಡಿ ಗಡಿ ಹೇಳಲು ಆಗುವುದಿಲ್ಲ. ನಿಯಮ ಮಾತ್ರ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನ. ಭದ್ರಾ 1998ರಿಂದ ಹುಲಿ ಮೀಸಲು ಪ್ರದೇಶ. ಅಲ್ಲಿಯ ಮುತ್ತೋಡಿ, ಲಕ್ಕವಳ್ಳಿಗೆ ಸಫಾರಿಗೆಂದು ಹೋದವರು ಇಲಾಖೆಯ ಜೀಪಿನಿಂದ ಇಳಿದು ತಿರುಗಾಡುವ ಹಾಗಿಲ್ಲ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಮೀಸಲು ಅರಣ್ಯ. ಅಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ನಡೆಯುತ್ತದೆ. ಅದರ 24ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶವೂ ಅಪರಾಧ, ಬೆಂಕಿ ಹಚ್ಚುವುದೂ ಅಪರಾಧ. ತೋಟವಾದರೆ ಮಾಲೀಕರ ಒಪ್ಪಿಗೆ ಬೇಕು. ಗೇಟ್ ತೆರೆದಿದೆ ಅಂತ ನುಗ್ಗುವುದು ಬೇಡ.

ಹಾಸನದ ಕಡೆ ಇನ್ನೊಂದು ವಿಷಯ ಹೇಳಲೇಬೇಕು. ದೋಣಿಗಲ್‌ನಿಂದ ಎಡಕುಮೇರಿ ಕಡೆಗೆ ರೈಲು ಹಳಿ ಮೇಲೆ ನಡೆಯುವುದನ್ನು ಈಗಲೂ ಕೆಲವರು ಟ್ರೆಕಿಂಗ್ ಎಂದೇ ಕರೆಯುತ್ತಾರೆ. ಅದು ರೈಲ್ವೆ ಜಾಗ. ಅಲ್ಲಿ ಅನುಮತಿ ಇಲ್ಲದೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್‌ನಡಿ ಅಪರಾಧ. ಸೇತುವೆ ನಡುವೆ, ಸುರಂಗದ ನಡುವೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಹುಡುಕುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ದಾರಿಯನ್ನು ಪಟ್ಟಿಯಿಂದಲೇ ತೆಗೆದುಬಿಡಿ.

ಬುಕಿಂಗ್, ಕಾಗದ, ಗುರುತಿನ ಚೀಟಿ

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಸಂತೆಯಂತೆ ಸೇರಿದ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ತಡೆ ಹಾಕಿತು. ಈಗ ಇಲಾಖೆಯ ‘ಅರಣ್ಯ ವಿಹಾರ’ ಪೋರ್ಟಲ್‌ನಲ್ಲಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ, ಮಳೆ ಜಾಸ್ತಿ ಇದ್ದಾಗ ಜಾರುವ ಭಯಕ್ಕೆ ದಾರಿ ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಟಿಕೆಟ್‌ನಲ್ಲಿ ಇರುವ ಹೆಸರೇ ಗುರುತಿನ ಚೀಟಿಯಲ್ಲೂ ಇರಬೇಕು. ಸ್ನೇಹಿತನ ಟಿಕೆಟ್‌ನಲ್ಲಿ ಹೋಗುವ ಯೋಚನೆ ಬೇಡ. ಟಿಕೆಟ್‌ನ ಪ್ರಿಂಟ್ ಕೈಯಲ್ಲಿರಲಿ. ಕಳಸ ದಾಟಿದ ಮೇಲೆ ಸಿಗ್ನಲ್ ನಂಬಿ ಕೂತರೆ ಗೇಟಿನ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಲ್ಲಬೇಕಾಗುತ್ತದೆ.

ಗೇಟಿನಲ್ಲಿ ಸಿಗುವವರು ಯಾರು

ಗೇಟಿನಲ್ಲಿ ಸಾಮಾನ್ಯವಾಗಿ ಸಿಗುವವರು ವಾಚರ್ ಅಥವಾ ಗಾರ್ಡ್. ಅವರ ಮೇಲೆ ಉಪ ವಲಯ ಅರಣ್ಯಾಧಿಕಾರಿ. ಊರವರ ಬಾಯಲ್ಲಿ ಇವತ್ತಿಗೂ ಫಾರೆಸ್ಟರ್. ಅವರ ಮೇಲೆ ಆರ್‌ಎಫ್‌ಒ, ಅಂದರೆ ವಲಯ ಅರಣ್ಯಾಧಿಕಾರಿ, ನಾವು ರೇಂಜರ್ ಅನ್ನುವುದು ಇವರನ್ನೇ. ಆಮೇಲೆ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ), ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ).

‘ನೀವು ಬರೀ ವಾಚರ್, ರೇಂಜರ್ ಕರೀರಿ’ ಎಂದು ದಬಾಯಿಸುವವರನ್ನು ನೋಡಿದರೆ ಬೇಸರವಾಗುತ್ತದೆ. ಮುಚ್ಚಿದ ದಾರಿ ಮುಚ್ಚಿದೆ ಎಂದು ಹೇಳಲು ದೊಡ್ಡ ಹುದ್ದೆ ಬೇಕಿಲ್ಲ. ವಾಚರ್ ಕೆಳಗಿನ ನೌಕರ ಅಂದ ಮಾತ್ರಕ್ಕೆ ನಿಮ್ಮ ಕೈಗೆ ಪರವಾನಗಿ ಬಂದುಬಿಡುವುದಿಲ್ಲ. ಅವರಲ್ಲಿ ಹೆಚ್ಚಿನವರು ಅದೇ ಸುತ್ತಿನ ಹಳ್ಳಿಯವರು. ಯಾವ ಹಳ್ಳದಲ್ಲಿ ನೀರು ಏರಿದೆ, ಆನೆ ಬೆಳಿಗ್ಗೆ ಯಾವ ಕಡೆ ಇಳಿಯಿತು ಅನ್ನುವುದು ಅವರಿಗೆ ಗೊತ್ತು. ‘ಅಣ್ಣಾ, ಇವತ್ತು ದಾರಿ ಹೇಗಿದೆ?’ ಎಂದು ಕೇಳಿ ನೋಡಿ. ಯಾವ ಆ್ಯಪೂ ಹೇಳದ ವಿಷಯ ಅಲ್ಲಿ ಸಿಗುತ್ತದೆ.

ಬ್ಯಾಗ್ ತೆರೆದು ತೋರಿಸಿ ಅಂದರೆ ತೋರಿಸಿ. ಪ್ಲಾಸ್ಟಿಕ್, ಮದ್ಯ, ಬೆಂಕಿಪೊಟ್ಟಣ, ಸಿಗರೇಟು ಅವರು ಹುಡುಕುವ ವಸ್ತುಗಳು. ಕೆಲವು ಕಡೆ ನೀರಿನ ಬಾಟಲಿ ಎಣಿಸಿ, ದುಡ್ಡು ಇಟ್ಟುಕೊಂಡು, ವಾಪಸು ತಂದಾಗ ಮರಳಿಸುತ್ತಾರೆ. ಇದು ಗೇಟಿನವರ ಹಟ ಅಲ್ಲ. ಕಸ ಎಸೆಯುವುದನ್ನು ವನ್ಯಜೀವಿ ಕಾಯ್ದೆಯ ಅದೇ 27ನೇ ಸೆಕ್ಷನ್ ನಿಷೇಧಿಸಿದೆ. ಬೆಂಕಿಯನ್ನು 30ನೇ ಸೆಕ್ಷನ್, ಆಯುಧವನ್ನು 31ನೇ ಸೆಕ್ಷನ್. ಡ್ರೋನ್ ಇದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಇಲ್ಲದಿದ್ದರೆ ಕಾರಿನಲ್ಲೇ ಬಿಡಿ.

ರಿಜಿಸ್ಟರ್‌ನಲ್ಲಿ ಹೆಸರು, ಊರು, ಮನೆಯವರ ಫೋನ್ ನಂಬರು ಸರಿಯಾಗಿ ಬರೆಯಿರಿ. ಸಂಜೆ ತಲೆ ಎಣಿಸುವಾಗ ಒಂದು ಹೆಸರು ಕಡಿಮೆ ಬಂದರೆ ಟಾರ್ಚ್ ಹಿಡಿದು ಹೊರಡುವವರು ಇವರೇ. ಇಳಿದ ಮೇಲೆ ಹೊರಗೆ ಬಂದ ಸಮಯವನ್ನೂ ಬರೆಸಿ. ಬಸ್ಸಿಗೆ ಹೊತ್ತಾಯಿತು ಅಂತ ಹಾಗೇ ಹೊರಟುಬಿಟ್ಟರೆ, ನೀವು ಊಟ ಮಾಡುತ್ತಿರುವ ಹೊತ್ತಿನಲ್ಲಿ ಅವರು ನಿಮ್ಮನ್ನು ಕಾಡಿನಲ್ಲಿ ಕೂಗುತ್ತಿರುತ್ತಾರೆ.

ದಾರಿಯ ಮೇಲೆ ಕಾಲು

ಈಗ ನಡೆಯುವ ವಿಷಯ. ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಮುಳ್ಳೋಡಿಯಿಂದ ಹತ್ತಿ ಇಳಿಯಲು ಸುಮಾರು 20 ಕಿ.ಮೀ. ನಡೆಯಬೇಕು. ಒಂಟಿಮರ ಎಂಬ ಗುರುತಿನ ಜಾಗ ದಾಟಿದ ಮೇಲೆ ಹೆಚ್ಚಿನ ದಾರಿ ಹುಲ್ಲುಗಾವಲಿನ ಮೇಲೆ. ದೂರದಿಂದ ಈ ಹುಲ್ಲು ಎಷ್ಟು ತುಳಿದರೂ ಏನೂ ಆಗದ ಹಾಗೆ ಕಾಣುತ್ತದೆ. ಬಗ್ಗಿ ನೋಡಿದರೆ ಕಥೆ ಬೇರೆ. ಹುಲ್ಲಿನ ಬುಡದಲ್ಲಿ ತೆಳುವಾದ ಮಣ್ಣು, ಅದರ ಕೆಳಗೆ ಬಂಡೆ. ಆ ಮಣ್ಣನ್ನು ಇಳಿಜಾರಿನಲ್ಲಿ ಹಿಡಿದಿಟ್ಟಿರುವುದು ಬೇರಿನ ಹೆಣಿಗೆ ಮಾತ್ರ.

ಮಳೆ ಬಂದಾಗ ದಾರಿಯಲ್ಲಿ ಕೆಸರು. ಶೂ ಕೊಳೆಯಾಗುತ್ತದೆ ಅಂತ ಒಬ್ಬರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಹಿಂದಿನವರು ಅವರನ್ನೇ ಅನುಸರಿಸುತ್ತಾರೆ. ಹುಲ್ಲು ಸಾಯುತ್ತದೆ, ಒಂದಡಿ ದಾರಿ ನಾಲ್ಕಡಿ ಆಗುತ್ತದೆ. ಮುಂದಿನ ಮಳೆಗೆ ನೀರು ಆ ಬೋಳು ಜಾಗದಲ್ಲೇ ಇಳಿದು ಮಣ್ಣು ಕೊಚ್ಚಿ ಕಾಲುವೆ ಮಾಡುತ್ತದೆ. ಕಾಲುವೆಯಲ್ಲಿ ನಡೆಯಲು ಆಗದೆ ಜನ ಇನ್ನೊಂದು ಪಕ್ಕಕ್ಕೆ ಹೊಸ ದಾರಿ ಮಾಡುತ್ತಾರೆ. ತಿರುವುಗಳಲ್ಲಿ ಅಡ್ಡ ಕತ್ತರಿಸಿ ಇಳಿಯುವುದು ಇನ್ನೂ ಕೆಟ್ಟದ್ದು. ದಾರಿಯನ್ನು ಬಳಸಿ ಒಯ್ದಿರುವುದೇ ನೀರು ನೇರ ಇಳಿಯದಿರಲಿ ಅಂತ. ಅಡ್ಡದಾರಿ ಆ ನೀರಿಗೆ ನೇರ ಬಾಗಿಲು ತೆಗೆದುಕೊಡುತ್ತದೆ.

ಹೀಗಾಗಿ ಕೆಸರಿದ್ದರೆ ಕೆಸರಿನಲ್ಲೇ ನಡೆಯಿರಿ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ. ಎದುರು ಬರುವವರಿಗೆ ಜಾಗ ಬಿಡಬೇಕಾದರೆ ಕಲ್ಲಿನ ಮೇಲೆ ನಿಂತು ಬಿಡಿ. ಉಂಬಳ (ಜಿಗಣೆ) ಹತ್ತುತ್ತದೆ ಎಂದು ದಾರಿ ಬಿಟ್ಟು ಹುಲ್ಲಿಗೆ ಇಳಿದರೆ ಇನ್ನೂ ಜಾಸ್ತಿ ಹತ್ತುತ್ತವೆ.

ಚಂದ್ರದ್ರೋಣ ಸಾಲಿನಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಮುಳ್ಳಯ್ಯನಗಿರಿ ಸುತ್ತ ಸೇರಿದ ಜನ ನೆನಪಿದೆಯಲ್ಲ? ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಗಿಡ ತುಳಿದರೆ ನಷ್ಟ ಆ ಒಂದು ದಿನದ್ದಲ್ಲ. ವರ್ಷಗಟ್ಟಲೆ ಕಾದು ಒಮ್ಮೆ ಅರಳುವ ಗಿಡ ಅದು. ಬೀಜ ಕಟ್ಟುವ ಮೊದಲೇ ಮುರಿದರೆ ಅದರ ಮುಂದಿನ ತಲೆಮಾರು ಇಲ್ಲ.

ಸರಿಯಾದ ದಾರಿ ಯಾವುದು ಅನ್ನುವ ಗೊಂದಲ ಬರುವುದು ಹೆಚ್ಚಾಗಿ ಮೂರು ಕಡೆ. ಒಂದು, ಬೆಂಕಿ ರೇಖೆ. ಬೇಸಿಗೆಗೆ ಮೊದಲು ಇಲಾಖೆಯವರು ಹುಲ್ಲು ತೆಗೆದು ಮಾಡುವ ಪಟ್ಟಿ. ಅಗಲವಾಗಿ, ನೇರವಾಗಿ, ದಾರಿಗಿಂತ ಚೆನ್ನಾಗಿ ಕಾಣುತ್ತದೆ, ಆದರೆ ಎಲ್ಲಿಗೂ ಮುಟ್ಟಿಸುವುದಿಲ್ಲ. ಇನ್ನೊಂದು ದನದ ದಾರಿ. ಮೂರನೆಯದು ಆನೆ ದಾರಿ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಇದನ್ನು ಲಘುವಾಗಿ ನೋಡಬೇಡಿ. ನೆಲ ಗಟ್ಟಿಯಾಗಿ ತುಳಿದಿದೆ, ಅಕ್ಕಪಕ್ಕ ಬಿದಿರು ಮುರಿದಿದೆ, ಲದ್ದಿ ಬಿದ್ದಿದೆ ಅಂದರೆ ಅದು ನಿಮಗೆ ಮಾಡಿದ ದಾರಿ ಅಲ್ಲ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿ.

ಗೈಡ್ ಕಡ್ಡಾಯ ಇರುವ ಕಡೆ ಅವರಿಗಿಂತ ಮುಂದೆ ಹೋಗಬೇಡಿ. ಮೋಡ ಕವಿದರೆ ಹತ್ತು ಮಾರು ಮುಂದೆ ಇರುವವರೂ ಕಾಣುವುದಿಲ್ಲ.

ದಾರಿ ತಪ್ಪಿದರೆ

ನಿಲ್ಲಿ. ಕೊನೆಯದಾಗಿ ದಾರಿ ಸರಿಯಿತ್ತು ಅನ್ನಿಸಿದ ಜಾಗ ಗೊತ್ತಿದ್ದರೆ ಅಲ್ಲಿವರೆಗೆ ಮಾತ್ರ ಹಿಂದೆ ಬನ್ನಿ. ಗೊತ್ತಿಲ್ಲದಿದ್ದರೆ ನಿಂತಲ್ಲೇ ಇರಿ, ಗುಂಪು ಒಡೆಯಬೇಡಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ಘಟ್ಟದಲ್ಲಿ ನಡೆಯುವುದಿಲ್ಲ. ಇಲ್ಲಿಯ ಹಳ್ಳಗಳು ಅಂಚಿಗೆ ಬಂದು ನೇರ ಜಲಪಾತವಾಗಿ ಬೀಳುತ್ತವೆ. ಬಂಡಾಜೆ ಜಲಪಾತ ನೋಡಿದವರಿಗೆ ಇದು ಗೊತ್ತು. ಸಿಗ್ನಲ್ ಇದ್ದರೆ 112, ಅಥವಾ ಅರಣ್ಯ ಸಹಾಯವಾಣಿ 1926.

ಗಾರ್ಡ್ ತಡೆದರೆ: ನಿಮ್ಮ ಕೆಲಸ, ಅವರ ಅಧಿಕಾರ

ತಡೆದರೆ ನಿಂತು, ಪರವಾನಗಿ ತೋರಿಸಿ, ಹೆಸರು ವಿಳಾಸ ನಿಜವಾದದ್ದನ್ನೇ ಹೇಳಿ. ಇದರ ಮಹತ್ವ ತುಂಬ ಜನಕ್ಕೆ ಗೊತ್ತಿಲ್ಲ. ವನ್ಯಜೀವಿ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಪರವಾನಗಿ ಬೇಕಾದ ಕೆಲಸ ಮಾಡುತ್ತಿರುವವರನ್ನು ಅರಣ್ಯಾಧಿಕಾರಿ ತಡೆದು ಅದನ್ನು ಕೇಳಬಹುದು. ಇಲ್ಲದಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು. ಆದರೆ ಹೆಸರು ವಿಳಾಸ ಕೊಟ್ಟು, ಸಮನ್ಸ್ ಬಂದರೆ ಹಾಜರಾಗುತ್ತೇನೆ ಎಂದು ಅಧಿಕಾರಿಗೆ ನಂಬಿಕೆ ಹುಟ್ಟಿಸಿದರೆ ಬಂಧಿಸಬೇಕಾಗಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಸುಳ್ಳು ಹೆಸರು ಹೇಳಿ, ಓಡಿಹೋಗಲು ನೋಡಿದರೆ ಆ ರಕ್ಷಣೆಯನ್ನು ನೀವೇ ಕಳೆದುಕೊಂಡ ಹಾಗೆ. ವಾಹನ, ಬ್ಯಾಗ್ ತಪಾಸಣೆ ಮಾಡುವ, ವಸ್ತು ವಶಪಡಿಸಿಕೊಳ್ಳುವ ಅಧಿಕಾರವೂ ಅಲ್ಲೇ ಬರುತ್ತದೆ.

ಶಿಕ್ಷೆ ಸಣ್ಣದಲ್ಲ. ಸಾಮಾನ್ಯ ಉಲ್ಲಂಘನೆಗೂ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ರ ತಿದ್ದುಪಡಿಗೆ ಮುಂಚೆ ದಂಡದ ಮಿತಿ 25 ಸಾವಿರ ಇತ್ತು. ಗಾರ್ಡ್ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್, ಕೆಲಸಕ್ಕೆ ಅಡ್ಡಿಪಡಿಸಿದರೆ 221ನೇ ಸೆಕ್ಷನ್ ಸೇರಿಕೊಳ್ಳುತ್ತದೆ.

ಅಧಿಕಾರಕ್ಕೆ ಗಡಿಯೂ ಇದೆ, ಅದನ್ನು ತಿಳಿದಿರುವುದು ನಿಮ್ಮ ಹಕ್ಕು. ಹೊಡೆಯುವ, ಬೈಯುವ ಅಧಿಕಾರ ಯಾರಿಗೂ ಇಲ್ಲ. ಹೆಂಗಸರ ಮೈ ತಪಾಸಣೆ ಹೆಂಗಸರೇ ಮಾಡಬೇಕು. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ರಾಜಿ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ ಮೇಲಿನ ಅಧಿಕಾರಿಗಳದ್ದು. ಅದು ಕಾಡಿನ ನಡುವೆ ಕೈಯಿಂದ ಕೈಗೆ ಮುಗಿಯುವ ವ್ಯವಹಾರ ಅಲ್ಲ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ.

ಗಾರ್ಡ್ ಹೇಳಿದ್ದು ತಪ್ಪು ಎಂದು ಖಾತ್ರಿ ಇದ್ದರೂ ದಾರಿಯ ಮೇಲೆ ವಾದ ಬೇಡ. ಒಬ್ಬರೇ ಮೂವತ್ತು ಜನರನ್ನು ಸಂಭಾಳಿಸುವ ಜಾಗ ಅದು. ಅವರ ಮಾತಿನಂತೆ ಕೆಳಗಿಳಿದು, ಹೆಸರು, ಹುದ್ದೆ ಕೇಳಿಕೊಳ್ಳಿ. ದಿನಾಂಕ, ಸಮಯ, ಜಾಗ ಬರೆದಿಟ್ಟುಕೊಳ್ಳಿ, ಫಲಕ ಇದ್ದರೆ ಫೋಟೊ ತೆಗೆಯಿರಿ. ಮೊದಲು ಆ ವಲಯದ ಆರ್‌ಎಫ್‌ಒಗೆ, ಅಲ್ಲಿ ಉತ್ತರ ಸಿಗದಿದ್ದರೆ ಡಿಸಿಎಫ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಕುದುರೆಮುಖದ ವಿಷಯವಾದರೆ ಆ ವನ್ಯಜೀವಿ ವಿಭಾಗದ ಡಿಸಿಎಫ್ ಕಚೇರಿ ಇರುವುದು ಕಾರ್ಕಳದಲ್ಲಿ, ಚಿಕ್ಕಮಗಳೂರಿನಲ್ಲಿ ಅಲ್ಲ. ಟಿಕೆಟ್ ಪ್ರತಿಯನ್ನು ಲಗತ್ತಿಸಿ, ದೂರಿನ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿ ಇಟ್ಟುಕೊಳ್ಳಿ.