ತಪ್ಪು ಪುಟಸಂಖ್ಯೆಯ ಜಾಡು ಹಿಡಿದು

ಕೃಷಿ ಕಾಲೇಜಿನ ಲೈಬ್ರರಿಯಲ್ಲಿ ಇರುವವರಿಗೆ ವರ್ಷಕ್ಕೊಮ್ಮೆ ತಪ್ಪದೇ ಬರುವ ತಲೆನೋವು ಒಂದಿದೆ: ಯಾವ ಜರ್ನಲ್ ತರಿಸಬೇಕು, ಯಾವುದನ್ನು ನಿಲ್ಲಿಸಬೇಕು. ದುಡ್ಡು ಜಾಸ್ತಿ ಇಲ್ಲದ ಒಂದು ವರ್ಷ ನಾನು ಪ್ರೊಫೆಸರ್‌ಗಳನ್ನು ಕೇಳುವ ಬದಲು ನಮ್ಮದೇ ವಿದ್ಯಾರ್ಥಿಗಳ ಥೀಸಿಸ್‌ಗಳ ಕೊನೆಯ ಪುಟಗಳನ್ನು ಎಣಿಸಲು ಕೂತೆ. ಕೇಳಿದರೆ ಎಲ್ಲರೂ ದೊಡ್ಡ ಜರ್ನಲ್‌ಗಳ ಹೆಸರೇ ಹೇಳುತ್ತಾರೆ. ರೆಫರೆನ್ಸ್ ಪಟ್ಟಿಯಲ್ಲಾದರೆ ನಿಜವಾಗಿ ಓದಿದ್ದು ಕಾಣುತ್ತದೆ ಎನ್ನುವುದು ಲೆಕ್ಕ. ಆ ಲೆಕ್ಕ ಎಷ್ಟು ಗಟ್ಟಿ ಅನ್ನೋದನ್ನು ಮುಂದೆ ಹೇಳುತ್ತೇನೆ.

ವಿಷಯ ಅಡಿಕೆಯ ರೋಗಗಳು. ನಮ್ಮಲ್ಲಿ ಅದರ ಮೇಲೆ ಥೀಸಿಸ್ ಬೇಕಾದಷ್ಟಿವೆ, ಬೇರೆ ಕೃಷಿ ವಿಶ್ವವಿದ್ಯಾಲಯಗಳದ್ದು ಕೃಷಿಕೋಶ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಊರಲ್ಲಿ ತೋಟವಿದ್ದುದರಿಂದ, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಮಾತು ನನಗೂ ಅರ್ಥವಾಗುತ್ತದೆ.

ಎಣಿಸುವುದು ಸುಲಭ, ಎಣಿಸುವ ಮೊದಲಿನ ಕೆಲಸವೇ ಕಷ್ಟ. ಒಬ್ಬರೇ ಲೇಖಕರು ಒಂದು ಕಡೆ ಹೆಗ್ಡೆ, ಇನ್ನೊಂದು ಕಡೆ ಹೆಗಡೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಕೆಲವರ ಊರಿನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ. 1967ರಿಂದ ಬರುತ್ತಿರುವ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ನ ಹೆಸರನ್ನು ನಮ್ಮ ಮಕ್ಕಳು ಎಷ್ಟು ತರ ಮೊಟಕು ಮಾಡಬಲ್ಲರು ಅಂತ ನೋಡಿದರೆ ನಗು ಬರುತ್ತದೆ. ಇದಕ್ಕೆಲ್ಲ ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಒಂದರಂತೆ ಒಂದು ಇರುವ ಹೆಸರುಗಳನ್ನು ಅದು ಗುಂಪು ಮಾಡಿ ತೋರಿಸುತ್ತದೆ. ಆದರೆ ಅದು ತೋರಿಸಿದ್ದನ್ನೆಲ್ಲ ಒಪ್ಪಿಕೊಂಡರೆ ಇಬ್ಬರು ಭಟ್ಟರು ಒಬ್ಬರೇ ಆಗಿಬಿಡುತ್ತಾರೆ. ಪ್ರತಿ ಗುಂಪನ್ನೂ ಕಣ್ಣಲ್ಲಿ ನೋಡಿಯೇ ಸೇರಿಸಬೇಕು.

ಎಕ್ಸೆಲ್‌ನಲ್ಲಿ ಒಂದು ಕಾಲಂ ಮಾತ್ರ ಮುಟ್ಟಲಿಲ್ಲ. ಥೀಸಿಸ್‌ನಲ್ಲಿ ಇದ್ದ ಸಾಲು, ಕಾಗುಣಿತದ ತಪ್ಪಿನ ಸಮೇತ, ಇದ್ದ ಹಾಗೇ ಅಲ್ಲಿ ಉಳಿಯಿತು. ಆಮೇಲೆ ಕೈ ಹಿಡಿದದ್ದು ಅದೇ.

ಜರ್ನಲ್‌ಗಳ ಲೆಕ್ಕ, ಪಾಠದ ಪುಸ್ತಕದಲ್ಲಿ ಓದಿದ ಹಾಗೇ ಬಂತು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಲೈಬ್ರರಿಯ ಬ್ರಾಡ್‌ಫರ್ಡ್ 1934ರಲ್ಲಿ ಭೂಭೌತಶಾಸ್ತ್ರದ ಲೇಖನಗಳನ್ನು ಎಣಿಸಿದ್ದ. 9 ಜರ್ನಲ್‌ಗಳಲ್ಲೇ 429 ಲೇಖನ, ನಂತರದ 499 ಲೇಖನಗಳಿಗೆ 59 ಜರ್ನಲ್, ಉಳಿದ 404ಕ್ಕೆ 258 ಜರ್ನಲ್ ಬೇಕಾಗಿದ್ದವು. ನಮ್ಮಲ್ಲೂ ಅಷ್ಟೇ. ಬೆರಳೆಣಿಕೆಯ ಜರ್ನಲ್‌ಗಳು ಮುಕ್ಕಾಲು ಕೆಲಸ ಮಾಡುತ್ತಿದ್ದವು, ಉಳಿದದ್ದು ನೂರಾರು ಕಡೆ ಚೆಲ್ಲಿತ್ತು. ಲೈಬ್ರರಿ ಸಮಿತಿಗೆ ಬೇಕಾದದ್ದು ಇಷ್ಟೇ. ವರದಿ ಕೊಟ್ಟೆ, ಮುಗಿಯಿತು.

ನನ್ನ ತಲೆಯಲ್ಲಿ ಮಾತ್ರ ಮುಗಿಯಲಿಲ್ಲ. ಕೊಳೆ ರೋಗದ ಮೇಲಿನ ಥೀಸಿಸ್ ಅಂದಮೇಲೆ ಹೆಚ್ಚು ಕಡಿಮೆ ಎಲ್ಲದರಲ್ಲೂ ‘ಕೋಲ್ಮನ್, 1910’ ಇರುತ್ತದೆ. ಲೆಸ್ಲಿ ಕೋಲ್ಮನ್ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಸಸ್ಯರೋಗ ತಜ್ಞ, ಕೊಳೆ ರೋಗದ ಬಗ್ಗೆ ಸರ್ಕಾರದ ಬುಲೆಟಿನ್ ಬರೆದವನು. ನಮ್ಮ ಲೈಬ್ರರಿಯಲ್ಲಿ ಆ ಬುಲೆಟಿನ್ ಇರಲೇ ಇಲ್ಲ! ಹಾಗಾದರೆ ಇವರೆಲ್ಲ ಎಲ್ಲಿ ಓದಿದರು?

ಮುಟ್ಟದೇ ಬಿಟ್ಟಿದ್ದ ಕಾಲಂ ತೆರೆದು ಕೋಲ್ಮನ್ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟೆ. ಒಂದು ಗುಂಪಿನಲ್ಲಿ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು, ಎಲ್ಲದರಲ್ಲೂ ಅದೇ ಅಕ್ಷರ. ಇನ್ನೊಂದು ಗುಂಪಿನಲ್ಲಿ ಪುಟಸಂಖ್ಯೆಯ ಅಂಕಿಗಳು ಅದಲುಬದಲಾಗಿದ್ದವು, ಎಲ್ಲದರಲ್ಲೂ ಒಂದೇ ರೀತಿ. ಬೇರೆ ಬೇರೆಯವರು ಬೇರೆ ಬೇರೆ ವರ್ಷ ಅದೇ ತಪ್ಪನ್ನು ತಾವಾಗಿಯೇ ಮಾಡುವುದು ಸಾಧ್ಯವೇ? ವರ್ಷದ ಕ್ರಮದಲ್ಲಿ ಜೋಡಿಸಿದರೆ ತಪ್ಪು ಮೊದಲು ಕಂಡ ಥೀಸಿಸ್ ಸಿಕ್ಕಿತು. ಅದರ ನಂತರದವರಲ್ಲಿ ಎಷ್ಟೋ ಜನ ಅದೇ ವಿಭಾಗದವರು, ಹಲವರಿಗೆ ಗೈಡ್ ಕೂಡ ಒಬ್ಬರೇ. ಸರಿಯಾಗಿ ಬರೆದ ಸಾಲು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ತಪ್ಪಾಗಿ ಬರೆದದ್ದು ಹೇಳುತ್ತದೆ.

ಕನ್ನಡ ಎಂ.ಎ. ಮಾಡಿದ ಗೆಳತಿಗೆ ಇದನ್ನು ತೋರಿಸಿದಾಗ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. “ಗ್ರಂಥಸಂಪಾದನೆಯಲ್ಲಿ ನಾವು ಮಾಡೋದೇ ಇದು ಕಣೇ. ಎರಡು ಓಲೆಪ್ರತಿಯಲ್ಲಿ ಲಿಪಿಕಾರರ ತಪ್ಪು ಒಂದೇ ಆಗಿದ್ರೆ, ಎರಡೂ ಒಂದೇ ತಾಯಿಯಿಂದ ಬಂದವು” ಅಂದಳು. ಉಲ್ಲೇಖ ಎಣಿಸುವ ನಮ್ಮ ಶಾಸ್ತ್ರದಲ್ಲೂ ಇದು ಹೊಸದಲ್ಲ. ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬಿಬ್ಬರು 2003ರಲ್ಲಿ ಇಂಥ ಅಚ್ಚಿನ ತಪ್ಪುಗಳನ್ನೇ ಹಿಡಿದು, ಉಲ್ಲೇಖಿಸುವವರಲ್ಲಿ ಮೂಲ ಓದುವವರು ಸುಮಾರು 20 ಶೇಕಡ ಮಾತ್ರ ಎಂದು ಅಂದಾಜು ಮಾಡಿದ್ದರು. ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಲೇಖನ ಓದಿಯೂ, ಬರೆಯುವಾಗ ಸುಮ್ನೆ ಬೇರೆಯವರ ಪಟ್ಟಿಯಿಂದ ಸಾಲು ಎತ್ತಿಕೊಳ್ಳುವವರು ಇರುತ್ತಾರೆ, ಅಲ್ವಾ? ಅದಕ್ಕೇ ಕೇಳಿಯೇ ಬಿಡೋಣ ಅನ್ನಿಸಿತು.

ಕೇಳುವುದಕ್ಕೂ ಒಂದು ರೀತಿ ಇದೆ. “ಸಾಮಾನ್ಯವಾಗಿ ಮಾಹಿತಿ ಎಲ್ಲಿಂದ ತಗೋತೀರಿ?” ಅಂದರೆ “ಜರ್ನಲ್ಸ್ ಮೇಡಂ” ಅನ್ನುತ್ತಾರೆ, ಅಷ್ಟೇ. ಒಂದು ನಿಜವಾದ ಸಂಗತಿಯನ್ನು ಹಿಡಿದು ಅದರ ಬಗ್ಗೆಯೇ ಕೇಳಬೇಕು. ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ವಿವರಿಸಿದ ವಿಧಾನ ಇದು. ನಾನು ಥೀಸಿಸ್ ತೆರೆದು ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: “ಇದು ಎಲ್ಲಿ ಸಿಕ್ತಮ್ಮಾ?” ಹುಡುಗಿ ಸ್ವಲ್ಪ ಹೊತ್ತು ನೋಡಿ, “ಸೀನಿಯರ್ ಥೀಸಿಸ್‌ನಲ್ಲಿತ್ತು ಮೇಡಂ. ಇದನ್ನು ಹಾಕದಿದ್ರೆ ವೈವಾದಲ್ಲಿ ಕೇಳ್ತಾರೆ ಅಂತ ಅವರೇ ಹೇಳಿದ್ರು” ಎಂದಳು. ಆ ಸಾಲು ಅಲ್ಲಿ ಇರುವುದು ಮಾಹಿತಿಗಾಗಿ ಅಲ್ಲ, ಗೌರವಕ್ಕಾಗಿ ಎಂಬುದು ಎಣಿಕೆಯಲ್ಲಿ ಎಂದೂ ಕಾಣುವುದಿಲ್ಲ.

ಇದರ ಇನ್ನೊಂದು ಮುಖ ನಮ್ಮ ಊರಿನ ತೋಟದಲ್ಲಿದೆ. ಮುಂಗಾರಿಗೆ ಮುಂಚೆ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವವರು 1 ಕೆಜಿ ಮೈಲುತುತ್ತವನ್ನೂ 1 ಕೆಜಿ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ, ಒಟ್ಟು 100 ಲೀಟರ್ ಆಗುವಂತೆ ಬೆರೆಸುತ್ತಾರೆ. ಆಮೇಲೆ ಚೂರಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ದ್ರಾಕ್ಷಿಗೆಂದು ಮಿಲಾರ್ಡೆ ತಂದ ಔಷಧಿ ಇದು, ಅಡಿಕೆಗೆ ಹೊಂದಿಸಿದವರಲ್ಲಿ ಕೋಲ್ಮನ್ ಒಬ್ಬ. ಯಾರು ಕಲಿಸಿದರು ಎಂದರೆ, “ಅಪ್ಪಯ್ಯ ಮಾಡ್ತಿದ್ದ, ನೋಡಿ ಕಲ್ತೆ” ಅನ್ನುತ್ತಾರೆ. ಕೋಲ್ಮನ್‌ನ ಹೆಸರು ಬರೆದವರು ಅವನನ್ನು ಓದಿಲ್ಲ, ಅವನ ಕೆಲಸ ಮುಂದುವರಿಸಿದವರಿಗೆ ಅವನ ಹೆಸರೇ ಗೊತ್ತಿಲ್ಲ. ಉಲ್ಲೇಖ ಎಣಿಸುವ ನಮ್ಮಂಥವರಿಗೆ ಈ ಎರಡನೆಯ ದಾರಿ ಲೆಕ್ಕಕ್ಕೇ ಸಿಗುವುದಿಲ್ಲ.

ಬುಲೆಟಿನ್ ಕೊನೆಗೂ ಒಂದು ಹಳೆಯ ಸಂಗ್ರಹದಲ್ಲಿ ಸಿಕ್ಕಿತು. ಪ್ರತಿ ಮಾಡಿಸಿ ಇಟ್ಟಿದ್ದೇನೆ. ಮೂಲ ನೋಡದಿದ್ದರೆ ಯಾರ ಥೀಸಿಸ್‌ನಲ್ಲಿ ಕಂಡಿರೋ ಅವರ ಹೆಸರನ್ನೇ ಬರೆಯಿರಿ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕೆಲವು ಗೈಡ್‌ಗಳಿಗೆ ಅದು ಇಷ್ಟವಾಗುವುದಿಲ್ಲ, ಪಟ್ಟಿ ಬಡವಾಗಿ ಕಾಣುತ್ತದಂತೆ.

ಈಚೆಗೆ ಬೇರೆಯದೇ ತಾಪತ್ರಯ. ಎಐ ಕೊಟ್ಟ ರೆಫರೆನ್ಸ್‌ಗಳಲ್ಲಿ ಕಾಗುಣಿತ ಸರಿ ಇರುತ್ತದೆ, ಜರ್ನಲ್ ನಿಜ, ಸಂಪುಟ ನಿಜ, ಲೇಖನ ಮಾತ್ರ ಇರುವುದಿಲ್ಲ. ತಪ್ಪಿನ ಜಾಡು ಹಿಡಿಯೋಣವೆಂದರೆ ತಪ್ಪೇ ಕಾಣದು. ಡಿಓಐ, ಅಂದರೆ ಲೇಖನದ ಶಾಶ್ವತ ಗುರುತಿನ ಸಂಖ್ಯೆ, ಇದ್ದರೆ ಅದನ್ನು ದಾಖಲಿಸುವ ಕ್ರಾಸ್‌ರೆಫ್ ತಾಣದಲ್ಲಿ ಹಾಕಿ ನೋಡುತ್ತೇನೆ. ನಮ್ಮ ಹಳೆಯ ಜರ್ನಲ್‌ಗಳ ಎಷ್ಟೋ ಲೇಖನಗಳಿಗೆ ಅದಿಲ್ಲ, ಬೈಂಡ್ ಮಾಡಿದ ಸಂಪುಟವನ್ನೇ ತೆಗೆದು ಪುಟ ತಿರುವಬೇಕು. ಜಾಗ ಸಾಲದು, ಆ ಸಂಪುಟಗಳನ್ನು ರದ್ದಿಗೆ ಹಾಕಿ ಎಂಬ ಸಲಹೆ ಈ ವರ್ಷ ಸಮಿತಿಯ ಮುಂದೆ ಮತ್ತೆ ಬಂದಿದೆ. ಬೇಡ ಅಂತ ಟಿಪ್ಪಣಿ ಬರೆದುಕೊಟ್ಟಿದ್ದೇನೆ.